ಹಾಲಮ್ಮನ ಹತ್ತು ಷೇರು, ನನ್ನ ಒಂದು ಪದ

ಬ್ಯಾಂಕಿಗೆ ಹೊಸದಾಗಿ ಸೇರಿದವರನ್ನು ಷೇರು ವಿಭಾಗಕ್ಕೆ ಹಾಕಿದರೆ ಸಾಕು, ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅಲ್ಲಿ ಜನ ಬರುವುದಿಲ್ಲ, ನಮಸ್ಕಾರ ಸಿಗುವುದಿಲ್ಲ, ಬರೀ ಧೂಳು ಎಂದು ಅವರ ದೂರು. ನಾನು ಆ ಧೂಳನ್ನು ನಿವೃತ್ತಿಯ ತನಕ ತಿಂದವನು, ಏನೂ ಆಗಿಲ್ಲ, ಗಟ್ಟಿಯಾಗಿಯೇ ಇದ್ದೇನೆ. ನನ್ನ ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ತಡವಾಗಿ ಬಂದವು, ಬಂದಾಗ ಖುಷಿಪಟ್ಟೆ, ಮುಗಿಯಿತು. ಈ ಕೆಲಸದಲ್ಲಿ ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಮಾತ್ರ ಬರೆಯುತ್ತೇನೆ. ಜಾರಿದವನೇ ಹೇಳುತ್ತಿದ್ದಾನಾದ್ದರಿಂದ ನಂಬಬಹುದು.

ನಾನು ಸೇರಿದ್ದು ಮೂವತ್ತರ ದಶಕದ ಕೊನೆಯಲ್ಲಿ, ಚನ್ನಗಿರಿಯ ಒಂದು ಕಂಪನಿಗೆ. ಅದಕ್ಕೆ ಮೊದಲು ಜಗಳೂರಿನಲ್ಲಿ ನಮ್ಮ ಸೋದರಮಾವನ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಚನ್ನಗಿರಿಯ ಕಂಪನಿ ಒಂದು ವಿಚಿತ್ರ. ಬೋರ್ಡಿನ ಮೇಲೆ ಬ್ಯಾಂಕು ಎಂದಿತ್ತು, ಆದರೆ ಅದು ಯಾರಿಗೂ ಸಾಲ ಕೊಡುತ್ತಿರಲಿಲ್ಲ, ಯಾರ ಠೇವಣಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಮೂರು ಪುಟ್ಟ ಬ್ಯಾಂಕುಗಳಿದ್ದವು. ಆ ಮೂರರ ಷೇರುಗಳಲ್ಲಿ ಹೆಚ್ಚಿನವನ್ನು ಈ ಕಂಪನಿ ಕೊಂಡು ಇಟ್ಟುಕೊಂಡಿತ್ತು. ಇಂಥ ಕಂಪನಿಯ ಷೇರುಗಳನ್ನು ಕೊಂಡವರಿಗೆ ಅದು ಏನೆಂದು ತಿಳಿಸಿ ಹೇಳುವುದು, ಅವರ ಹೆಸರು ದೊಡ್ಡ ರಿಜಿಸ್ಟರಿನಲ್ಲಿ ಬರೆಯುವುದು, ಇವೆರಡೂ ನನ್ನ ಕೆಲಸ.

ತಿಂಗಳಿಗೊಮ್ಮೆ ತಗಡಿನ ಟ್ರಂಕು ಹೊತ್ತುಕೊಂಡು ಮೂರೂ ಊರಿಗೆ ಹೋಗುತ್ತಿದ್ದೆ. ಯುದ್ಧದ ಕಾಲದಲ್ಲಿ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಏರು ಬಂತೆಂದರೆ ಎಲ್ಲರೂ ಇಳಿದು ನೂಕಬೇಕು. ಬಸವಾಪಟ್ಟಣದ ಹತ್ತಿರ ಬಸ್ಸು ನೂಕುವಾಗ ಪಕ್ಕದವನೊಬ್ಬ, "ಏನ್ರೀ, ನೀವು ಬ್ಯಾಂಕಿನೋರಲ್ಲೇನ್ರೀ? ಷೇರಿನ ರೊಕ್ಕ ವಾಪಸ್ ಯಾವಾಗ ಕೊಡ್ತೀರಿ?" ಎಂದು ಕೇಳಿದ್ದಾನೆ. ಏದುಸಿರು ಬಿಡುತ್ತಲೇ ಉತ್ತರ ಕೊಟ್ಟಿದ್ದೇನೆ: ಷೇರು ಠೇವಣಿಯಲ್ಲಪ್ಪಾ, ಕಂಪನಿ ವಾಪಸು ಕೊಡುವುದಿಲ್ಲ, ಕೊಳ್ಳುವವನನ್ನು ನೀನೇ ಹುಡುಕಿಕೊಂಡು ಮಾರಬೇಕು. "ಇದೊಳ್ಳೆ ಪಜೀತಿ ಆತಲ್ಲ" ಎಂದು ಅವನು ಬಸ್ಸಿನಿಂದ ಕೈ ತೆಗೆದುಬಿಟ್ಟ. ಅವನ ಪಾಲಿನ ಭಾರವನ್ನೂ ನಾನೇ ನೂಕಿದೆ.

ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇವೇ. ಬಡ್ಡಿಗೂ ಡಿವಿಡೆಂಡಿಗೂ ಏನು ವ್ಯತ್ಯಾಸ? ಚನ್ನಗಿರಿ ಕಂಪನಿಯ ಷೇರಿದ್ದರೆ ಹೊನ್ನಾಳಿ ಬ್ಯಾಂಕಿನಲ್ಲಿ ಸಾಲ ಕೇಳುವ ಹಕ್ಕು ಉಂಟೋ? ಗೆದ್ದಲು ತಿಂದ ಸರ್ಟಿಫಿಕೇಟಿಗೆ ಬದಲಿ ಕೊಡುತ್ತಾರೋ? ವಾರ್ಷಿಕ ಸಭೆಗೆ ಬಂದರೆ ಊಟ ಉಂಟೋ? ಕೊನೆಯ ಪ್ರಶ್ನೆಗೆ ಮಾತ್ರ ನಾನು ತಡವರಿಸದೆ ಉತ್ತರ ಹೇಳುತ್ತಿದ್ದೆ, ಉಪ್ಪಿಟ್ಟು ಉಂಟು ಎಂದು. ಮೊದಮೊದಲು ನನಗೆ ಬಾಯಿ ಜಾಸ್ತಿ. ಜಗಳೂರಿನಲ್ಲಿ ಒಮ್ಮೆ, "ಷೇರುದಾರ ಅಂದ್ರೆ ಒಡೆಯ ಇದ್ದಂಗೆ ಕಣ್ರೀ" ಎಂದು ಭಾಷಣ ಬಿಗಿದೆ. ಮರುದಿನ ಒಬ್ಬ ಒಡೆಯರು ಬಂದು ಅಲ್ಲಿನ ಏಜೆಂಟರ (ಬ್ಯಾಂಕಿನ ಮ್ಯಾನೇಜರಿಗೆ ಆಗ ಹಾಗೆನ್ನುತ್ತಿದ್ದರು) ಕುರ್ಚಿಯಲ್ಲಿ ಕುಳಿತು ಎಲೆಯಡಿಕೆ ಹಾಕತೊಡಗಿದರು. ಏಜೆಂಟರು ನಿಂತೇ ಮಧ್ಯಾಹ್ನದವರೆಗೆ ಕೆಲಸ ಮಾಡಿ, ನನ್ನ ಮೇಲೆ ಚನ್ನಗಿರಿಗೆ ಒಂದು ಕಾಗದ ಬರೆದರು.

ಉಬ್ರಾಣಿಯ ಒಬ್ಬ ರೈತರ ಕಥೆ ಇನ್ನೂ ಚೆನ್ನ. ಷೇರಿನ ಸರ್ಟಿಫಿಕೇಟು ಅಂಚಿನ ಬಳ್ಳಿ, ಮುದ್ರೆ ಎಲ್ಲ ಇದ್ದು ನೋಡಲು ಲಕ್ಷಣವಾಗಿರುತ್ತಿತ್ತು. ಅವರು ಅದಕ್ಕೆ ಗಂಜಿ ಬಳಿದು ದೇವರ ಕೋಣೆಯ ಬಾಗಿಲಿಗೆ ಅಂಟಿಸಿದ್ದರು. ಷೇರನ್ನು ತಮ್ಮನ ಹೆಸರಿಗೆ ಮಾಡಿಸುವ ದಿನ ಬಂದಾಗ ಅದು ಬಿಡಿಸಲು ಬರಲಿಲ್ಲ. ಸರ್ಟಿಫಿಕೇಟು ತಂದು ತೋರಿಸದೆ ವರ್ಗಾವಣೆ ಇಲ್ಲ ಎಂದು ನಾನು ಕಾಗದ ಬರೆದೆ. ಅವರು ಗಾಡಿ ಕಟ್ಟಿಸಿ ಬಾಗಿಲನ್ನೇ ತಂದರು! ಕಚೇರಿಯ ಜಗಲಿಗೆ ಒರಗಿಸಿ, "ನೋಡ್ಕಳ್ರಿ ಸ್ವಾಮಿ, ಅಸಲಿ" ಎಂದರು. ನಾವು ಬಾಗಿಲ ಮೇಲೆಯೇ ಮೊಹರು ಒತ್ತಿ ಕಳಿಸಿದೆವು.

ಒತ್ತಿಸಿದವರು ನಮ್ಮ ಸೆಕ್ರೆಟರಿ ಶಾಮರಾಯರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ಮೇಲೆ ಕಂಪನಿಗೆ ಬಂದಿದ್ದರು. ನಗುವುದು ಕಡಿಮೆ. ಷೇರು ರಿಜಿಸ್ಟರ್ ಎಂದರೆ ಅವರಿಗೆ ದೇವರು. ಅದರಲ್ಲಿ ಕೆರೆಯಬಾರದು, ತಿದ್ದಬಾರದು, ಬರೆದುದರ ಮೇಲೆ ಬರೆಯಬಾರದು. ನನಗಿಂತ ಮೊದಲು ನನ್ನ ಕುರ್ಚಿಯಲ್ಲಿದ್ದವನು ಒಂದು ಹೆಸರನ್ನು ಬ್ಲೇಡಿನಿಂದ ಕೆರೆದು ತಿದ್ದಿದ್ದಕ್ಕೆ ಅದೇ ಸಂಜೆ ಮನೆಗೆ ಕಳಿಸಿದ್ದರು. ನನ್ನನ್ನು ಸೇರಿಸಿಕೊಳ್ಳುವ ದಿನ ಹೇಳಿದ್ದು ಅದೊಂದೇ ಮಾತು.

ಇನ್ನು ಹಾಲಮ್ಮನವರು. ಅವರನ್ನು ನಾನು ಮೊದಲು ನೋಡಿದ್ದು ಜಗಳೂರಿನಲ್ಲಿ. ಗಂಡ ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತವರಿನವರು ಹಾಕಿದ್ದ ಎರಡೆಳೆ ಸರ ಮಾರಿ ಹತ್ತು ಷೇರು ತೆಗೆದುಕೊಳ್ಳಲು ಬಂದಿದ್ದರು. ಷೇರಿನ ಹಣ ಎರಡು ಕಂತು. ಮೊದಲ ಕಂತು ಕಟ್ಟುವ ಮುಂಚೆ, "ತಮ್ಮಾ, ಈ ಕಂಪನಿ ಏನು ಮಾಡ್ತೈತೆ ಅದನ್ನ ಹೇಳು" ಎಂದರು. ನಾನು ನನ್ನ ಮಾಮೂಲು ಉಪಮಾನ ತೆಗೆದೆ: "ಅವ್ವಾ, ಮನೇಲಿ ಮೂವರು ಸೊಸೆಯರು ಅಡುಗೆ ಮಾಡ್ತಾರೆ, ಅತ್ತೆ ಉಗ್ರಾಣದ ಕೀಲಿ ಇಟ್ಕಂಡಿರ್ತಾಳೆ. ನಮ್ಮ ಕಂಪನಿ ಅತ್ತೆ ಇದ್ದಂಗೆ."

ಅವರು ಒಂದು ಗಳಿಗೆ ಯೋಚಿಸಿ, "ಹಂಗಾದ್ರೆ ಸೊಸೇರು ಬಡಿಸಿದ್ರೆ ಮಾತ್ರ ಅತ್ತೆ ಊಟ. ಅವರು ಒಲೆ ಹಚ್ಚದಿದ್ರೆ ಅತ್ತೆನೂ ಉಪಾಸ, ನಾನೂ ಉಪಾಸ" ಎಂದರು.

ಲೆಕ್ಕ ಅಷ್ಟೇ. ಮೂರು ಬ್ಯಾಂಕುಗಳು ಲಾಭ ಹಂಚಿದರೆ ಮಾತ್ರ ನಮ್ಮ ಕಂಪನಿಗೆ ಆದಾಯ, ಆಗ ಮಾತ್ರ ಷೇರುದಾರರಿಗೆ ಡಿವಿಡೆಂಡು. ಈ ಮಾತನ್ನು ನಮ್ಮ ಡೈರೆಕ್ಟರುಗಳಲ್ಲೇ ಇಬ್ಬರಿಗೆ ನಾನು ಎರಡೆರಡು ಸಲ ಬಿಡಿಸಿ ಹೇಳಬೇಕಾಗಿತ್ತು. "ಗೊತ್ತಿದ್ದೂ ತಗಂತೀರೇನವ್ವಾ?" ಎಂದೆ. "ಗೊತ್ತಾತಲ್ಲ, ಅದಕ್ಕೇ ತಗಂತೀನಿ" ಎಂದರು. ವಿಳಾಸ ಕೇಳಿದಾಗ ಜಗಳೂರಿನ ಗಂಡನ ಮನೆಯದನ್ನೇ ಕೊಟ್ಟರು. ಅಲ್ಲಿ ಅವರ ಮೈದುನ ಕೊಟ್ರಪ್ಪ ಇದ್ದ.

ಆಮೇಲೆ ಅವರು ಹೊನ್ನಾಳಿಗೆ ಬಂದು ತಾಲ್ಲೂಕು ಕಚೇರಿಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಖಾನಾವಳಿ ಇಟ್ಟರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಚೇರಿಗೆ ಅಲೆಯಲು ಬಂದ ಸಾಸ್ವೆಹಳ್ಳಿ ಕಡೆಯ ರೈತರೆಲ್ಲ ಅಲ್ಲೇ ಊಟಕ್ಕೆ. ನಾನೂ ಅಲ್ಲೇ. ಎರಡನೆಯ ಕಂತನ್ನು ಅವರು ನನಗೆ ಕೊಟ್ಟಿದ್ದು ಆ ಖಾನಾವಳಿಯ ಹೊರಜಗಲಿಯಲ್ಲಿ. ರಶೀದಿ ಬರೆದುಕೊಟ್ಟೆ. ಚನ್ನಗಿರಿಗೆ ಹಿಂತಿರುಗಿ ರಿಜಿಸ್ಟರ್ ತೆಗೆದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಂತು ಪೂರ್ತಿ ಬಂದರೆ ಹೆಸರಿನ ಮುಂದೆ ಷರಾ ಕಾಲಮ್ಮಿನಲ್ಲಿ 'ಪಾವತಿ' ಎಂದು ರಬ್ಬರ್ ಮೊಹರು ಒತ್ತುವುದು ಪದ್ಧತಿ. ಆ ದಿನ ಮೊಹರಿನ ಶಾಯಿ ಒಣಗಿತ್ತು. ಆಯಿತು, ಕೈಯಲ್ಲೇ ಬರೆಯೋಣ ಎಂದು ಬರೆದೆ. ನಮ್ಮ ಮಾವನ ಜವಳಿ ಅಂಗಡಿಯಲ್ಲಿ ಪಾವತಿ ಎಂದು ಪೂರ್ತಿ ಯಾರೂ ಅನ್ನುತ್ತಿರಲಿಲ್ಲ. ಬಾಯಲ್ಲಿ ಪಾವ್ತಿ, ಅವಸರದಲ್ಲಿ ಪೌತಿ. ಬರೆಯುವುದೂ ಹಾಗೇ. ದುಡ್ಡು ಬಂತು, 'ಪೌತಿ' ಎಂದು ಬರೆ, ಗೆರೆ ಎಳೆ. ನನ್ನ ಕೈ ಅಂಗಡಿಯ ಕೈ. ಹಾಲಮ್ಮನವರ ಹೆಸರಿನ ಮುಂದೆ ದುಂಡಗೆ, ಚಂದವಾಗಿ, 'ಪೌತಿ' ಎಂದು ಬರೆದು, ತಾರೀಖು ಹಾಕಿ, ಒತ್ತುಕಾಗದ ಒತ್ತಿ ರಿಜಿಸ್ಟರ್ ಮುಚ್ಚಿದೆ.

ಕಂದಾಯ ಇಲಾಖೆಯಲ್ಲಿ ಪೌತಿ ಎಂದರೆ ಏನೆಂದು ಜಮೀನಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಖಾತೆದಾರ ಸತ್ತ, ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿ, ಎಂದು. ನಮ್ಮ ಶಾಮರಾಯರು ಆ ಪದವನ್ನು ಜೀವಮಾನವೆಲ್ಲ ಆ ಒಂದೇ ಅರ್ಥದಲ್ಲಿ ಓದಿದವರು. ಮುಂದಿನ ತಿಂಗಳು ನಾನು ಸಂಚಾರದಲ್ಲಿದ್ದಾಗ ಅವರು ರಿಜಿಸ್ಟರ್ ತನಿಖೆ ಮಾಡಿದರು. ಹಾಲಮ್ಮ, ಪೌತಿ. ಅಯ್ಯೋ ಪಾಪ ಎಂದುಕೊಂಡು, ಹೊಸದಾಗಿ ಬಂದಿದ್ದ ಟೈಪ್‌ರೈಟರಿನಲ್ಲಿ, 'ದಿವಂಗತ ಹಾಲಮ್ಮನವರ ವಾರಸುದಾರರಿಗೆ' ಎಂದು ಜಗಳೂರಿನ ವಿಳಾಸಕ್ಕೆ ಕಾಗದ ಹಾಕಿಸಿಯೇಬಿಟ್ಟರು. ಕೊಟ್ರಪ್ಪ ಮರುಟಪಾಲಿನಲ್ಲೇ ಉತ್ತರ ಬರೆದ, ವಾರಸುದಾರ ನಾನೇ, ಷೇರು ನನ್ನ ಹೆಸರಿಗೆ ಮಾಡಬೇಕು ಎಂದು. ಅರ್ಜಿಯನ್ನು ಡೈರೆಕ್ಟರುಗಳ ಸಭೆಗೆ ಇಟ್ಟರು. ನನಗೆ ಇದಾವುದೂ ಗೊತ್ತಿಲ್ಲ.

ಸಭೆಯ ಹಿಂದಿನ ದಿನ ನಾನು ಚನ್ನಗಿರಿಗೆ ಮರಳಿ ಕಚೇರಿಯ ಮುಂದೆ ಟ್ರಂಕು ಇಳಿಸುತ್ತಿದ್ದೆ. ಹಾಲಮ್ಮನವರು ಜಗಲಿಯ ಮೇಲೆ ಕುಳಿತಿದ್ದರು. ಖಾನಾವಳಿಯ ಮನೆಯನ್ನು ಅದರ ಮಾಲೀಕ ಮಾರಲು ಹೊರಟಿದ್ದನಂತೆ. ಸೋಡಾ ಕಾರ್ಖಾನೆಯವನೊಬ್ಬ ಕೊಳ್ಳಲು ತಯಾರು. ಈ ವಾರದೊಳಗೆ ಮುಂಗಡ ಕೊಟ್ಟರೆ ಮನೆ ಹಾಲಮ್ಮನವರದು, ಇಲ್ಲದಿದ್ದರೆ ಒಲೆ ಕಿತ್ತುಕೊಂಡು ಹೊರಡಬೇಕು. ಹತ್ತೂ ಷೇರುಗಳನ್ನು ಕೊಳ್ಳಲು ನ್ಯಾಮತಿಯ ಬೆಲ್ಲದ ವ್ಯಾಪಾರಿಯೊಬ್ಬರನ್ನು ಹುಡುಕಿ, ಅವರ ಸಹಿ ಹಾಕಿಸಿದ ವರ್ಗಾವಣೆ ಫಾರಮ್ಮನ್ನೂ ತಂದಿದ್ದರು. ಒಳಗೆ ಶಾಮರಾಯರು ರಿಜಿಸ್ಟರ್ ತೆರೆದು ನೋಡಿ, ಕನ್ನಡಕ ತೆಗೆದು, "ಇದರ ಪ್ರಕಾರ ಹಾಲಮ್ಮ ತೀರಿಕೊಂಡಿದ್ದಾರೆ. ಕೊಟ್ರಪ್ಪನ ಅರ್ಜಿಯೂ ಬಂದಿದೆ, ನಾಳೆ ಸಭೆಯಲ್ಲಿ ತೀರ್ಮಾನವಾಗಲಿ" ಎಂದಿದ್ದರಂತೆ.

"ನೋಡು ತಮ್ಮಾ, ನಾನು ಸತ್ತೀನಂತೆ" ಎಂದರು ಹಾಲಮ್ಮನವರು. ನಗಲು ಹೋದರು, ಆಗಲಿಲ್ಲ. "ಆ ಮನೆ ಹೋದ್ರೆ ನಾನು ಜಗಳೂರಿಗೆ ಹೋಗಿ ಕೊಟ್ರಪ್ಪನ ಮನ್ಯಾಗೆ ಕಸ ಹೊಡೀಬೇಕು. ಅದಕ್ಕಿಂತ ನಿಮ್ಮ ಬುಕ್ಕಿನಾಗೆ ಬರ್ದಿದ್ದೇ ವಾಸಿ."

ನಾನು ಒಳಗೆ ಹೋಗಿ ರಿಜಿಸ್ಟರ್ ತೆಗೆದೆ. ಹಾಲಮ್ಮನವರ ಹೆಸರಿನ ಮುಂದೆ ಪೌತಿ. ನನ್ನದೇ ಅಕ್ಷರ! ನಿಜ ಹೇಳುತ್ತೇನೆ, ಆಗ ನನಗೆ ಹಾಲಮ್ಮನವರ ನೆನಪಾಗಲಿಲ್ಲ, ಮನೆಗೆ ಹೋದ ಆ ಹಳೆಯ ಗುಮಾಸ್ತನ ನೆನಪಾಯಿತು. ಮದುವೆ ಆಗಿ ಆರು ತಿಂಗಳಾಗಿತ್ತು. ಸೋದರಮಾವನ ಅಂಗಡಿಗೆ ಹಿಂತಿರುಗುವ ಬಾಗಿಲು ಜಗಳವಾಡಿಯೇ ಮುಚ್ಚಿಕೊಂಡು ಬಂದಿದ್ದೆ. ಪೆನ್ಸಿಲು ಕೆತ್ತುವ ಬ್ಲೇಡು ಡ್ರಾಯರಿನಲ್ಲಿತ್ತು. ಕೈಗೆ ತೆಗೆದುಕೊಂಡೆ. ಔತ್ವದ ಸುರುಳಿ ಕೆರೆದು, ದೀರ್ಘ ಎಳೆದು, ಮಧ್ಯೆ ಒಂದು ವ ಸೇರಿಸಿದರೆ ಎರಡು ನಿಮಿಷದ ಕೆಲಸ. ಶಾಮರಾಯರು ನಾನೇ ತಪ್ಪಾಗಿ ಓದಿದೆನೇನೋ ಎಂದುಕೊಳ್ಳುತ್ತಾರೆ. ಹಾಲಮ್ಮನವರೂ ಬದುಕುತ್ತಾರೆ, ನಾನೂ ಬದುಕುತ್ತೇನೆ.

ಬ್ಲೇಡಿನ ಮೂಲೆಯನ್ನು ಅಕ್ಷರಕ್ಕೆ ತಾಗಿಸಿದೆ. ಮೇಲುಗೆರೆಯ ಒಂದು ಚೂರು ಎದ್ದಿತು. ಆಗ ಹೊಳೆಯಿತು: ಕೊಟ್ರಪ್ಪ ನಾಳೆ ಬಂದು, ರಿಜಿಸ್ಟರ್ ಕೆರೆದಿದ್ದಾರೆ ಎಂದು ಬೊಟ್ಟು ಮಾಡಿ ತೋರಿಸಿದರೆ ಈ ಪುಟಕ್ಕೆ ಬೆಲೆಯೇ ಇರುವುದಿಲ್ಲ. ಹಾಲಮ್ಮನವರ ಹೆಸರೂ ಅದೇ ಪುಟದಲ್ಲಿದೆ. ಬ್ಲೇಡನ್ನು ಡ್ರಾಯರಿಗೆ ಎಸೆದೆ. ಆದರೆ ಎದ್ದುಹೋಗಿ ಶಾಮರಾಯರಿಗೆ ಹೇಳುವ ಧೈರ್ಯವೂ ಬರಲಿಲ್ಲ. ನಾಳೆ ಹೇಗೋ ಸರಿಹೋದೀತು, ಕಣ್ಣೆದುರೇ ಬದುಕಿರುವ ಹೆಂಗಸಲ್ಲವೇ ಎಂದು ಸುಮ್ಮನಾದೆ. ತಪ್ಪು ಮಾಡಿದವನು ಸುಮ್ಮನಿರಲು ನೂರು ಕಾರಣ ಹುಡುಕಿಕೊಳ್ಳುತ್ತಾನೆ, ನಾನು ಒಂದಕ್ಕೇ ತೃಪ್ತಿಪಟ್ಟೆ.

ಸಭೆಗೆ ಕೊಟ್ರಪ್ಪ ಜರಿ ರುಮಾಲು ಸುತ್ತಿಕೊಂಡು ಬಂದ. ಅಧ್ಯಕ್ಷರು ಅರ್ಜಿಯನ್ನೂ ರಿಜಿಸ್ಟರಿನ ಪೌತಿ ಎಂಬ ಷರಾವನ್ನೂ ಗಟ್ಟಿಯಾಗಿ ಓದಿ, ಅತ್ತಿಗೆ ತೀರಿಕೊಂಡಿದ್ದು ನಿಜವೇನಪ್ಪಾ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಶಾಮರಾಯರು ಹಾಲಮ್ಮನವರನ್ನು ಒಳಗೆ ಕರೆಸಿದರು. ಕೊಟ್ರಪ್ಪ ತಟ್ಟನೆ ಎದ್ದುನಿಂತು, ಕುರ್ಚಿ ಬಿಟ್ಟುಕೊಟ್ಟು, "ಬರ್ರಿ ಅತ್ತಿಗೆ, ಕುಂತ್ಕಳ್ರಿ" ಎಂದ.

ಸಭೆಯೆಲ್ಲ ನಕ್ಕಿತು. ಹುಟ್ಟಿದಾಗಿನಿಂದ ಮೈಗೆ ಬಂದ ಮರ್ಯಾದೆ, ಎಲ್ಲಿ ಹೋಗುತ್ತದೆ! ಮುಗಿಯಿತು, ನನ್ನ ಹೆಸರು ಬರದೇ ಪಾರಾದೆ ಎಂದು ಉಸಿರು ಬಿಟ್ಟೆ. ಆದರೆ ಕೊಟ್ರಪ್ಪ ಹುಷಾರು ಮನುಷ್ಯ.

"ನಗ್ರಿ, ನಗ್ರಿ. ಅತ್ತಿಗೆ ಸತ್ತಾರೆ ಅಂತ ನಾನೆಲ್ಲಿ ಬರ್ದೀನಿ? ವಾರಸುದಾರ ಯಾರು ಅಂತ ನೀವು ಕೇಳಿದ್ರಿ, ನಾನು ಅಂದೆ. ಪೌತಿ ಅಂತ ಬರ್ದಿರೋದು ನಮ್ಮ ಅಣ್ಣನ್ನ. ರೊಕ್ಕ ಅಣ್ಣಂದು, ಹೆಸರು ಮಾತ್ರ ಅತ್ತಿಗೇದು. ಅದು ಗೊತ್ತಿದ್ದೇ ನಿಮ್ಮೋರು ಅಣ್ಣ ಪೌತಿ ಅಂತ ಷರಾ ಹಾಕ್ಯಾರೆ. ಅಣ್ಣನ ಆಸ್ತಿ ಒಟ್ಟು ಮನೆತನದ್ದು. ಇಲ್ಲ ಅನ್ನಂಗಿದ್ರೆ, ಬದುಕಿರೋರ ಹೆಸರಿನ ಮುಂದೆ ಆ ಪದ ಯಾಕೆ ಬಂತು, ಹೇಳ್ರಿ ಮತ್ತೆ?"

ಯಾರೂ ನಗಲಿಲ್ಲ. ಹಾಲಮ್ಮನವರು, "ಸರ ನಮ್ಮಪ್ಪ ಹಾಕಿದ್ದು" ಎಂದರು. ಅಧ್ಯಕ್ಷರು ರಿಜಿಸ್ಟರನ್ನೂ ಕೊಟ್ರಪ್ಪನನ್ನೂ ನೋಡಿ, ಮನೆತನದ ವ್ಯಾಜ್ಯ ನಮಗೆ ಬೇಡ, ಕೋರ್ಟಿನಲ್ಲಿ ತೀರ್ಮಾನ ಮಾಡಿಕೊಂಡು ಬರಲಿ, ಅಲ್ಲಿಯವರೆಗೆ ಷೇರು ಯಾರ ಹೆಸರಿಗೂ ಹೋಗುವುದು ಬೇಡ ಎಂದು ಲೇಖನಿ ಎತ್ತಿಕೊಂಡರು. ಕೋರ್ಟು ಎಂದರೆ ವರ್ಷಗಳು. ಮನೆಗೆ ಇದ್ದದ್ದು ಮೂರು ದಿನ. ಹಾಲಮ್ಮನವರು ಯಾರನ್ನೂ ಬೇಡಲಿಲ್ಲ, ನನ್ನ ಕಡೆ ತಿರುಗಿ ನೋಡಿದರು, ಅಷ್ಟೇ.

"ಸ್ವಾಮಿ, ಆ ಪದ ಬರೆದವನು ನಾನು" ಎಂದೆ. ಎದ್ದುಹೋಗಿ ಅದರ ಮೇಲೆ ಬೆರಳಿಟ್ಟೆ. "ಅದು ಅವರ ಯಜಮಾನರ ವಿಷಯ ಅಲ್ಲ, ಯಾರ ಸಾವೂ ಅಲ್ಲ. ಅದು ಪಾವತಿ. ಅಂಗಡಿ ರೂಢಿಯಲ್ಲಿ ಪೌತಿ ಅಂತ ಬರೆದೆ. ಪಕ್ಕದ ತಾರೀಖು ಎರಡನೇ ಕಂತಿನ ರಶೀದಿಯದು, ತೆಗೆದು ನೋಡಬಹುದು. ಇನ್ನೊಂದು ಮಾತು. ನಿನ್ನೆ ಅದನ್ನು ಕೆರೆಯಲು ಹೋಗಿದ್ದೆ. ಮೇಲುಗೆರೆಯಲ್ಲಿ ಒಂದು ಚೂರು ಎದ್ದಿದೆ, ಅದೂ ನನ್ನದೇ."

ಶಾಮರಾಯರು ರಶೀದಿ ಪುಸ್ತಕ ತರಿಸಿದರು. ತಾರೀಖು ತಾಳೆಯಾಯಿತು. ಪುಟವನ್ನು ಬೆಳಕಿಗೆ ಹಿಡಿದು ಕೆರೆದ ಚೂರನ್ನು ನೋಡಿದರು. ಕೊನೆಗೆ ಕೆಂಪು ಶಾಯಿಯ ಲೇಖನಿಯನ್ನು ನನ್ನ ಕಡೆ ನೂಕಿ, "ಬರೆಯಯ್ಯಾ. ಮೇಲೆ ಕಂಡ ಪೌತಿ ಎಂಬುದನ್ನು ಪಾವತಿ ಎಂದು ಓದತಕ್ಕದ್ದು, ಷೇರುದಾರರು ಜೀವಂತವಾಗಿದ್ದಾರೆ. ಸಹಿ ಹಾಕು. ಕೆಳಗೆ ನಾನೂ ಹಾಕುತ್ತೇನೆ. ಸತ್ತರೋ ಬದುಕಿದ್ದಾರೋ ಎಂದು ಒಂದು ಮಾತು ವಿಚಾರಿಸದೆ ಕಾಗದ ಹಾಕಿಸಿದವನು ನಾನು" ಎಂದರು. ಆ ಮಾತನ್ನು ಅವರ ಬಾಯಿಂದ ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಷರಾ ಬಿಟ್ಟರೆ ಕೊಟ್ರಪ್ಪನಿಗೆ ಬೇರೆ ಆಧಾರವಿರಲಿಲ್ಲ, ಅಧ್ಯಕ್ಷರು ಅವನ ಅರ್ಜಿಯನ್ನು ವಜಾ ಮಾಡಿದರು. ಆ ವರ್ಷ ನನ್ನ ಸಂಬಳ ಏರಲಿಲ್ಲ. ಕೆಲಸ ಉಳಿಯಿತು.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ರಿಜಿಸ್ಟರಿನಲ್ಲಿ ಯಾರ ಹೆಸರಿನ ಮುಂದೆ ಏನು ಬರೆದರೂ ಅದನ್ನು ಅವರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಸಹಿ ಹಾಕಬೇಕು. ಎದುರಿಗೆ ಇಲ್ಲದವರಿಗೆ ಬರೆದದ್ದರ ನಕಲನ್ನು ಟಪಾಲಿನಲ್ಲಿ ಕಳಿಸಬೇಕು. ಕೆಲಸ ಎರಡು ಪಟ್ಟಾಯಿತು. ನನ್ನ ಜೊತೆಯವರು ನನ್ನನ್ನು ಬೈದುಕೊಂಡರು, ಬೈಯಲಿ. ಈಗಿನವರಿಗೂ ನಾನು ಹೇಳುವುದು ಅದನ್ನೇ: ನೀವು ಬರೆದ ಪದವನ್ನು ಎದುರಿಗಿರುವ ಮನುಷ್ಯ ಅವನ ಊರಿನ ಕಿವಿಯಲ್ಲಿ ಕೇಳಲಿ. ನಿಮ್ಮ ಅರ್ಥ ಅವನಿಗೆ ಗೊತ್ತಿರಬೇಕೆಂದಿಲ್ಲ.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಹಾಲಮ್ಮನವರು ನನ್ನ ಮೇಜಿನ ಹತ್ತಿರ ಬಂದರು. ವರ್ಗಾವಣೆ ಫಾರಮ್ಮು ಕೈಯಲ್ಲಿತ್ತು. ನನಗೆ ತಲೆ ಎತ್ತಲು ಆಗಲಿಲ್ಲ. "ತಪ್ಪಾತವ್ವಾ" ಎಂದೆ.

"ಆತು. ಪದ ಬರ್ದಿದ್ದು ದೊಡ್ಡ ತಪ್ಪಲ್ಲ ಬಿಡು, ಕೈ ತಪ್ತೈತೆ. ನಿನ್ನೆ ನೀರು ಕುಡಿಯಾಕೆ ಅಂತ ಒಳಗೆ ಬಂದಿದ್ದೆ. ನೀನು ಬ್ಲೇಡು ಹಿಡ್ಕಂಡು ಕುಂತಿದ್ದೆ."

ನಾನು ಲೇಖನಿ ಕೆಳಗಿಟ್ಟೆ. "ನೋಡಿದ್ರಾ? ಮತ್ತೆ ಸಭೇಲಿ ಯಾಕೆ ಹೇಳಲಿಲ್ಲ?"

"ನನ್ನ ಮಾತು ಯಾರು ಕೇಳ್ತಾರೋ ತಮ್ಮಾ? ಬುಕ್ಕಿನಾಗೆ ನಾನು ಸತ್ತೋಳು. ನೀನೇ ಹೇಳ್ಬೇಕಿತ್ತು. ನೀನು ಬಾಯಿ ಬಿಡದಿದ್ರೆ ನನ್ನ ಮನೆ ಹೋಗ್ತಿತ್ತು. ಹೋದ್ರೆ ಹೋಗ್ಲಿ ಅಂತ ಗಟ್ಟಿ ಮಾಡ್ಕಂಡಿದ್ದೆ. ನನ್ನ ಕೈಯಾಗೆ ಉಂಡೋನು ಹಿಂಗೆ ಮಾಡಿದ್ನಲ್ಲ ಅನ್ನೋದೊಂದು ಮಾತ್ರ ತಡ್ಕಳ್ಳಾಕೆ ಆಗ್ತಿರಲಿಲ್ಲ."

ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ, ಅದರಲ್ಲಿ ಮುಚ್ಚಿಡುವುದೇನಿದೆ. ಆಮೇಲೆ ಅವರು ಫಾರಮ್ಮನ್ನು ಮೇಜಿನ ಮೇಲೆ ಹರಡಿ, "ಇದರಾಗೆ ಹತ್ತು ಅಂತ ಐತಲ್ಲ, ಇನ್ನೊಂದು ಫಾರಮ್ಮು ತೆಗಿ. ಎಂಟು ಅಂತ ಬರಿ, ಬೆಲ್ಲದೋರ ಸಹಿ ಮತ್ತೆ ಹಾಕಿಸ್ಕಂಡು ಬರ್ತೀನಿ" ಎಂದರು.

"ಎಂಟು ಸಾಲ್ತಾವೇನವ್ವಾ ಮನೆಗೆ?"

"ಮುಂಗಡಕ್ಕೆ ಸಾಕು. ಮಿಕ್ಕಿದ್ದಕ್ಕೆ ಆ ಮಾಲೀಕ ನನ್ನತ್ರ ಉಂಡು ತೀರಿಸ್ಕಳ್ಳಲಿ, ಹೆಂಗೂ ಹೊಟ್ಟೆಬಾಕ." ಫಾರಮ್ಮಿನ ಕಡೆ ಬೆರಳು ಮಾಡಿ, "ಎರಡು ನನ್ನ ಹೆಸರಲ್ಲೇ ಇರ್ಲಿ. ನಿನ್ನೆ ಪೂರಾ ಮಾರಿ ಕೈತೊಳ್ಕಳ್ಳಾನ ಅನ್ಕಂಡಿದ್ದೆ. ಇವತ್ತು ಬೇಡ ಅನ್ನಿಸ್ತು" ಎಂದರು.

ನಾನು ಹೊಸ ಫಾರಮ್ಮು ತೆಗೆದು 'ಎಂಟು' ಎಂದು ಬರೆದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, "ಹೂಂ, ಗಟ್ಟಿಯಾಗಿ ಓದು ಈಗ, ಏನು ಬರ್ದೀಯ ಕೇಳ್ತೀನಿ" ಎಂದರು.